ಜುಲೈ 3: ಶರೀಫಜ್ಜನ ಹುಟ್ಟುಹಬ್ಬ

ಮೆಚ್ಚಿನ ಹಾಡುಗಾರರ ಹುಟ್ಟುಹಬ್ಬಕ್ಕೆ ನಾವು ಮೊಬೈಲಿನಲ್ಲಿ ಸ್ಟೇಟಸ್ ಹಾಕುತ್ತೇವೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಸಂತ ಶಿಶುನಾಳ ಶರೀಫರದು.

ಶರೀಫರು 1819ರ ಜುಲೈ 3ರಂದು ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಹುಟ್ಟಿದರು. ತಂದೆ ಇಮಾಮ್ ಸಾಹೇಬ್, ತಾಯಿ ಹಜ್ಜೂಮಾ. ಕೆಲವು ಕಾಲ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಪತ್ನಿ ತೀರಿಕೊಂಡರು. ಕಳಸದ ಗೋವಿಂದ ಭಟ್ಟರು ಅವರ ಗುರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ ಎಂದು ಜನ ಆಡಿಕೊಂಡರೂ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ.

ಹುಕ್ಕಾ, ಕೋಳಿ, ಸೋರುವ ಮಾಳಿಗೆ, ಹೀಗೆ ಕಣ್ಣೆದುರಿನ ವಸ್ತುಗಳೇ ಅವರ ತತ್ವಪದಗಳಾದವು. ಜುಲೈ ಮಳೆಯಲ್ಲಿ ಮಾಡು ಸೋರಿದರೆ ಏನಾಗುತ್ತದೆಂದು ಕೊಕ್ಕಡದವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಶರೀಫರ ಪದದಲ್ಲಿ ಸೋರುವುದು ಅಜ್ಞಾನ ತುಂಬಿದ ಮನಸ್ಸು. ಅದನ್ನು ನಾವೇ ಹತ್ತಿ ಸರಿಮಾಡಿಕೊಳ್ಳಬೇಕು ಎಂದು ನನಗೆ ಅರ್ಥವಾಯಿತು.

1889ರ ಜುಲೈ 3ರಂದು, ಹುಟ್ಟಿದ ದಿನವೇ, 70 ತುಂಬಿದಾಗ ಅವರು ತೀರಿಕೊಂಡರು. ಪದಗಳು ಮಾತ್ರ ಬಾಯಿಂದ ಬಾಯಿಗೆ ಉಳಿದವು. ಅವನ್ನು ಮನೆಮನೆಗೆ ಮುಟ್ಟಿಸಿದ ಗಾಯಕ ಸಿ. ಅಶ್ವತ್ಥ್ 1939ರ ಡಿಸೆಂಬರ್ 29ರಂದು ಹುಟ್ಟಿ, 2009ರ ಅದೇ ದಿನ ತೀರಿಕೊಂಡರು. ಅವರಿಗೂ ಆಗ 70! ಈಗ ರಘು ದೀಕ್ಷಿತ್ ಗಿಟಾರ್ ಹಿಡಿದು ಅದೇ ಪದಗಳನ್ನು ರಾಕ್ ಶೈಲಿಯಲ್ಲಿ ಹಾಡುತ್ತಾರೆ.

ಶಿಶುನಾಳದ ಅವರ ಸಮಾಧಿಗೆ ಇಂದಿಗೂ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ನಮ್ಮ ಬೆಂಚಿನಲ್ಲೂ ಎರಡೂ ಮನೆಯವರು ಜೊತೆಗೇ ಕೂರುತ್ತೇವೆ. ಈ ಜುಲೈ 3ರಂದು ಸ್ಟೇಟಸ್ ಜೊತೆಗೆ ಒಂದು ಪದವನ್ನೂ ಕಲಿಯೋಣ, ಕಾಲೇಜಿನಲ್ಲಿ ಒಟ್ಟಿಗೆ ಹಾಡೋಣ.