ದಾಕಿನ ಡಾಕ್ಟರು ಪಲ್ಪು

ಮಕ್ಕಳೇ, ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಜ್ಜಿ ಅಥವಾ ತಾತ ಇದ್ದರೆ ಅವರ ತೋಳನ್ನು ಒಮ್ಮೆ ಗಮನಿಸಿ ನೋಡಿ. ಭುಜದ ಕೆಳಗೋ ಮುಂಗೈಯ ಮೇಲೋ ಕಾಸಿನಗಲದ ಒಂದೆರಡು ಗುಂಡನೆಯ ಕಲೆಗಳು ಕಾಣಬಹುದು. ಅವು ಗಾಯದ ಕಲೆಗಳಲ್ಲ. ಸಿಡುಬು ಬಾರದಿರಲೆಂದು ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಯ ಗುರುತು. ನಮ್ಮ ಹಳ್ಳಿಗಳಲ್ಲಿ ಇದನ್ನು ದಾಕು ಹಾಕಿಸುವುದು ಎಂದು ಕರೆಯುತ್ತಿದ್ದರು.

ಸುಮಾರು 125 ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಈ ದಾಕಿನ ಮದ್ದನ್ನು ತಯಾರಿಸುವ ಕೆಲಸದಲ್ಲಿದ್ದ ಒಬ್ಬ ವೈದ್ಯರ ಕತೆ ಇದು. ಅವರ ಹೆಸರು ಡಾಕ್ಟರ್ ಪದ್ಮನಾಭನ್ ಪಲ್ಪು. ಅವರು ಪರೀಕ್ಷೆಗಳಿಗೆ ಹೆದರಿದವರಲ್ಲ. ಆದರೆ ಪರೀಕ್ಷೆಯಲ್ಲಿ ಗೆದ್ದ ಮೇಲೂ ಅವರಿಗೆ ಬಾಗಿಲು ತೆರೆಯಲಿಲ್ಲ. ಏಕೆ ಗೊತ್ತೆ? ಮುಂದೆ ಓದಿ.

ಪಾಸಾದರೂ ಸೀಟಿಲ್ಲ

ಪಲ್ಪು ಹುಟ್ಟಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಆಗ ಅದು ತಿರುವಾಂಕೂರು ಮಹಾರಾಜರ ರಾಜ್ಯ. ಪಲ್ಪು ಅವರದು ಈಳವ ಸಮುದಾಯ. ಅಂದಿನ ತಿರುವಾಂಕೂರಿನಲ್ಲಿ ಈ ಸಮುದಾಯದವರು ಎಷ್ಟೇ ಓದಿದರೂ ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ. ಎಷ್ಟೋ ಶಾಲೆಗಳಿಗೆ ಅವರ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯಲೂ ಬಿಡುತ್ತಿರಲಿಲ್ಲ. ಪಲ್ಪು ಅವರ ಅಣ್ಣ ವೇಲಾಯುಧನ್ ಬಿ.ಎ. ಪದವಿ ಪಡೆದರು. ಅವರಿಗೂ ತಮ್ಮ ರಾಜ್ಯದಲ್ಲಿ ನೌಕರಿ ಸಿಗದೆ ಮದರಾಸು ಸರ್ಕಾರದ ಕೆಲಸಕ್ಕೆ ಹೋಗಬೇಕಾಯಿತು.

ಇಂಥ ಮನೆಯಲ್ಲಿ ಬೆಳೆದ ಪಲ್ಪು ವೈದ್ಯನಾಗಬೇಕೆಂದು ನಿಶ್ಚಯಿಸಿದರು. ತಿರುವಾಂಕೂರಿನಲ್ಲಿ ವೈದ್ಯಕೀಯ ಓದಿಗಾಗಿ ನಡೆಸುತ್ತಿದ್ದ ಪ್ರವೇಶ ಪರೀಕ್ಷೆಗೆ ಕುಳಿತರು. ಪಾಸೂ ಆದರು. ಆದರೆ ಜಾತಿಯ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ನೀವು ಕಷ್ಟಪಟ್ಟು ಓದುತ್ತೀರಿ. ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರ ಬರೆಯುತ್ತೀರಿ. ಆದರೂ ಹುಟ್ಟಿದ ಮನೆ ಯಾವುದೆಂದು ನೋಡಿ ನಿಮ್ಮನ್ನು ಹೊರಗೆ ನಿಲ್ಲಿಸುತ್ತಾರೆ. ಆಗ ಏನು ಮಾಡುತ್ತೀರಿ?

ಪಲ್ಪು ಪುಸ್ತಕ ಮುಚ್ಚಲಿಲ್ಲ. ದೂರದ ಮದರಾಸಿಗೆ ಹೊರಟರು. ಆಗ ತಿರುವನಂತಪುರಕ್ಕೆ ರೈಲೇ ಬಂದಿರಲಿಲ್ಲ. ಕೈಯಲ್ಲಿ ಹಣವೂ ಹೆಚ್ಚು ಇರಲಿಲ್ಲ. ಮದರಾಸು ವೈದ್ಯಕೀಯ ಕಾಲೇಜು ಅವರನ್ನು ಸೇರಿಸಿಕೊಂಡಿತು. ಹಲವು ವರ್ಷ ಓದಿ ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸೆಯ ಎಲ್.ಎಂ.ಎಸ್. ಪರೀಕ್ಷೆಯನ್ನು ಗೆದ್ದರು. ಡಾಕ್ಟರಾಗಿ ಊರಿಗೆ ಬಂದು ಕೆಲಸ ಕೇಳಿದರೆ ತಿರುವಾಂಕೂರು ಸರ್ಕಾರ ಮತ್ತೆ ಇಲ್ಲ ಎಂದಿತು.

ಆಗ ಅವರಿಗೆ ಕೆಲಸ ಕೊಟ್ಟದ್ದು ಮೊದಲು ಮದರಾಸು, ಆಮೇಲೆ ನಮ್ಮ ಮೈಸೂರು ಸಂಸ್ಥಾನ. 1890ರ ದಶಕದ ಆರಂಭದಲ್ಲಿ ಪಲ್ಪು ಬೆಂಗಳೂರಿಗೆ ಬಂದರು. ಅವರ ದುಡಿಮೆಯ ಬಹುಪಾಲು ವರ್ಷಗಳು ಮೈಸೂರು ಸಂಸ್ಥಾನದಲ್ಲೇ ಕಳೆದವು.

ಕರುವಿನಿಂದ ಬಂದ ಕಾಪು

ಆ ಕಾಲದಲ್ಲಿ ಸಿಡುಬು ಎಂದರೆ ಊರಿಗೆ ಊರೇ ನಡುಗುತ್ತಿತ್ತು. ಅಮ್ಮ ಬಂದಳು ಎಂದು ಜನ ಬೇವಿನ ಸೊಪ್ಪು ಕಟ್ಟುತ್ತಿದ್ದರು. ರೋಗ ತಗಲಿದ ನೂರು ಜನರಲ್ಲಿ ಸುಮಾರು ಮೂವತ್ತು ಜನ ಸಾಯುತ್ತಿದ್ದರು. ಉಳಿದವರಿಗೆ ಮುಖದ ತುಂಬ ಕಲೆ. ಕೆಲವರ ಕಣ್ಣೂ ಹೋಗುತ್ತಿತ್ತು. ಬಂದ ಮೇಲೆ ಇದಕ್ಕೆ ಔಷಧಿ ಇರಲಿಲ್ಲ. ಬಾರದಂತೆ ತಡೆಯುವುದೊಂದೇ ದಾರಿ.

ತಡೆಯುವ ದಾರಿಯನ್ನು 1796ರಲ್ಲಿ ತೋರಿಸಿದವರು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್. ಹಸುಗಳಿಗೆ ಬರುವ ಸೌಮ್ಯವಾದ ಸಿಡುಬು ಮನುಷ್ಯನಿಗೆ ತಗಲಿದರೆ ಅವನಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬುದನ್ನು ಅವರು ಪರೀಕ್ಷಿಸಿ ತಿಳಿದರು. ಲ್ಯಾಟಿನ್ ಭಾಷೆಯಲ್ಲಿ ವ್ಯಾಕಾ ಎಂದರೆ ಹಸು. ವ್ಯಾಕ್ಸೀನ್ ಎಂಬ ಪದ ಬಂದದ್ದು ಅದರಿಂದಲೇ.

ಪಲ್ಪು ಅವರ ಕಾಲಕ್ಕೆ ಈ ಮದ್ದನ್ನು ಕರುಗಳ ಮೇಲೆ ಬೆಳೆಸುತ್ತಿದ್ದರು. ಅದರ ಹೆಸರು ಲಿಂಫ್. ಅದನ್ನು ತಯಾರಿಸುವ ಕ್ರಮ ಹೀಗಿತ್ತು. ಆರೋಗ್ಯವಂತ ಕರುವಿನ ಹೊಟ್ಟೆಯ ಭಾಗದ ಕೂದಲು ಬೋಳಿಸಿ ಚೆನ್ನಾಗಿ ತೊಳೆಯುವುದು. ಚರ್ಮದ ಮೇಲೆ ಸಣ್ಣ ಗೀರುಗಳನ್ನು ಮಾಡಿ ಬೀಜದ ಲಿಂಫನ್ನು ಸವರುವುದು. ಐದಾರು ದಿನಗಳಲ್ಲಿ ಅಲ್ಲಿ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳ ತಿರುಳನ್ನು ಕೆರೆದು ತೆಗೆದು ಗ್ಲಿಸರಿನ್ ಜೊತೆ ನುಣ್ಣಗೆ ಅರೆಯುವುದು. ಅದನ್ನು ಕೆಲವು ವಾರ ತಂಪಾದ ಕಡೆ ಇಟ್ಟರೆ ಬೇರೆ ಕೆಟ್ಟ ಬ್ಯಾಕ್ಟೀರಿಯಗಳನ್ನು ಗ್ಲಿಸರಿನ್ ಕೊಲ್ಲುತ್ತದೆ. ಬೇಕಾದ ವೈರಸ್ ಮಾತ್ರ ಉಳಿಯುತ್ತದೆ. ಕೊನೆಗೆ ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ ತುದಿ ಮುಚ್ಚಿ ಊರೂರಿಗೆ ಕಳಿಸುವುದು.

ಕೇಳಲು ಸುಲಭ. ಆದರೆ ಈ ಮದ್ದಿಗೆ ಬಿಸಿಲೇ ಶತ್ರು. ಆಗ ಇಂದಿನಂಥ ರೆಫ್ರಿಜರೇಟರ್ ಇರಲಿಲ್ಲ. ದೂರದ ಹಳ್ಳಿ ಸೇರುವ ಹೊತ್ತಿಗೆ ನಳಿಗೆ ಕಾದರೆ ಒಳಗಿನ ವೈರಸ್ ಸತ್ತುಹೋಗುತ್ತಿತ್ತು. ಅಂಥ ದಾಕು ಹಾಕಿಸಿಕೊಂಡರೂ ಫಲವಿಲ್ಲ. ಆಮೇಲೆ ಆ ಮಗುವಿಗೆ ಸಿಡುಬು ಬಂದರೆ ಜನರಿಗೆ ದಾಕಿನ ಮೇಲೇ ನಂಬಿಕೆ ಹೋಗುತ್ತದೆ. ಆದ್ದರಿಂದ ಲಿಂಫ್ ತಯಾರಿಸುವವರು ಒಂದೊಂದು ಹಂತದಲ್ಲೂ ಎಚ್ಚರವಾಗಿರಬೇಕಿತ್ತು.

ಇನ್ನೊಂದು ಮಾತು ಗಮನಿಸಿ. ದಾಕಿನ ಮದ್ದು ಯಾರ ಜಾತಿಯನ್ನೂ ಕೇಳುವುದಿಲ್ಲ. ಬ್ರಾಹ್ಮಣರ ಕೇರಿಯ ಮಗುವಿಗೂ ಹೊಲೆಗೇರಿಯ ಮಗುವಿಗೂ ಅದೇ ನಳಿಗೆಯ ಲಿಂಫ್. ಯಾರನ್ನು ಕಾಲೇಜಿನ ಹೊರಗೆ ನಿಲ್ಲಿಸಿದ್ದರೋ ಅವರು ನೋಡಿಕೊಂಡ ಮದ್ದು ಎಲ್ಲರ ತೋಳನ್ನೂ ಸೇರಿತು.

ಪ್ಲೇಗ್ ಬಂತು

1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ 1898ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ಮೊದಲು ಇಲಿಗಳು ಬಿದ್ದು ಸಾಯುತ್ತಿದ್ದವು. ಆಮೇಲೆ ಮನುಷ್ಯರಿಗೆ ಜ್ವರ, ತೊಡೆಯ ಸಂದಿನಲ್ಲಿ ಅಥವಾ ಕಂಕುಳಲ್ಲಿ ಗಡ್ಡೆ. ಜನ ಮನೆ ಬಿಟ್ಟು ಊರ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿಯ ಮೈಮೇಲಿನ ಚಿಗಟ ಈ ರೋಗವನ್ನು ಹರಡುತ್ತದೆ ಎಂದು ಫ್ರಾನ್ಸಿನ ವೈದ್ಯ ಸೀಮಾನ್ ತೋರಿಸಿದ್ದು ಅದೇ 1898ರಲ್ಲಿ. ಆದರೆ ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಹಾಗಾಗಿ ಪ್ಲೇಗಿನ ರೋಗಿಗಳನ್ನು ನೋಡುವ ವೈದ್ಯರಿಗೆ ಅಪಾಯ ಎಲ್ಲಿಂದ ಬರುತ್ತದೆ ಎಂಬುದೇ ಸ್ಪಷ್ಟವಾಗಿರಲಿಲ್ಲ. ಅಂಥ ದಿನಗಳಲ್ಲಿ ಪ್ರಾಣದ ಹಂಗು ತೊರೆದು ಕೆಲಸ ಮಾಡಿದವರಲ್ಲಿ ಪಲ್ಪು ಒಬ್ಬರು.

ಇಕ್ಕಟ್ಟಾದ ಪೇಟೆಯ ಬದಲು ಗಾಳಿ ಬೆಳಕು ಇರುವ ಬಡಾವಣೆಗಳು ಬೇಕೆಂದು ಬೆಂಗಳೂರಿನ ಬಸವನಗುಡಿ ಮತ್ತು ಮಲ್ಲೇಶ್ವರ ರೂಪುಗೊಂಡದ್ದು ಈ ಪ್ಲೇಗಿನ ಹೊತ್ತಿನಲ್ಲೇ. ಹಳೇ ಮೈಸೂರಿನ ಅನೇಕ ಊರುಗಳಲ್ಲಿ ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ಗುಡಿಗಳು ಇಂದಿಗೂ ಇವೆ.

ಇನ್ನೂ ಒಂದು ಕಷ್ಟದ ಪರೀಕ್ಷೆ

ಸಿಡುಬು ಮತ್ತು ಪ್ಲೇಗುಗಳ ನಡುವೆ ಕೆಲಸ ಮಾಡಿದವರಿಗೆ ಒಂದು ವಿಷಯ ಅರ್ಥವಾಗುತ್ತದೆ. ಒಬ್ಬೊಬ್ಬ ರೋಗಿಯ ನಾಡಿ ಹಿಡಿದು ನೋಡಿದರೆ ಸಾಲದು. ಊರಿಗೇ ಆರೋಗ್ಯ ಬರಬೇಕು. ಇದಕ್ಕೆ ಬೇರೆಯೇ ಓದು ಬೇಕು. ಅದನ್ನು ಸಾರ್ವಜನಿಕ ಆರೋಗ್ಯ ಶಾಸ್ತ್ರ ಎನ್ನುತ್ತಾರೆ.

ಮೈಸೂರು ಸರ್ಕಾರ ಪಲ್ಪು ಅವರನ್ನು ಹೆಚ್ಚಿನ ಓದಿಗಾಗಿ ಇಂಗ್ಲೆಂಡಿಗೆ ಕಳಿಸಿತು. ಆಗ ಅವರ ವಯಸ್ಸು ಸುಮಾರು 35. ಹೆಂಡತಿ, ಮಕ್ಕಳು, ನೌಕರಿ ಎಲ್ಲ ಇತ್ತು. ಆ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಿ.ಪಿ.ಎಚ್. ಪರೀಕ್ಷೆಗೆ ಸಿದ್ಧರಾದರು. ಡಿ.ಪಿ.ಎಚ್. ಎಂದರೆ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ. ಇದು ಹೊಸಬರ ಪರೀಕ್ಷೆಯಲ್ಲ. ಮೊದಲೇ ಡಾಕ್ಟರಾದವರು ಒಂದು ವಿಷಯದಲ್ಲಿ ಪರಿಣತರಾಗಲು ಕುಳಿತುಕೊಳ್ಳುವ ಪರೀಕ್ಷೆ.

ಇದರಲ್ಲಿ ಏನೇನು ಕೇಳುತ್ತಿದ್ದರು? ಪರೀಕ್ಷೆಗೆ ಎರಡು ಭಾಗ. ಮೊದಲ ಭಾಗದಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ. ಒಂದು ಬಾಟಲಿ ನೀರು ಕೊಟ್ಟರೆ ಅದು ಕುಡಿಯಲು ಯೋಗ್ಯವೇ ಎಂದು ಪರೀಕ್ಷಿಸಬೇಕು. ಗಾಳಿಯನ್ನು ಪರೀಕ್ಷಿಸಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸಬೇಕು. ಎರಡನೆಯ ಭಾಗದಲ್ಲಿ ರೋಗಗಳು ಹುಟ್ಟುವ, ಹರಡುವ ಬಗೆ, ಅವನ್ನು ತಡೆಯುವ ಕ್ರಮ, ಚರಂಡಿ ಮತ್ತು ನೀರು ಸರಬರಾಜು, ಜನ ಕಿಕ್ಕಿರಿದು ಬಾಳಿದರೆ ಆಗುವ ತೊಂದರೆ, ಆರೋಗ್ಯದ ಕಾನೂನುಗಳು, ಹುಟ್ಟು ಸಾವಿನ ಲೆಕ್ಕ. ಬರೆಯುವ ಪರೀಕ್ಷೆ ಮಾತ್ರವಲ್ಲ, ಕೈಯಿಂದ ಮಾಡಿ ತೋರಿಸುವುದೂ ಬಾಯಿಂದ ಉತ್ತರ ಹೇಳುವುದೂ ಇತ್ತು. ವೈದ್ಯ, ರಸಾಯನ ವಿಜ್ಞಾನಿ, ಎಂಜಿನಿಯರ್, ವಕೀಲ, ಲೆಕ್ಕಿಗ ಈ ಐವರ ವಿದ್ಯೆ ಒಬ್ಬರಲ್ಲೇ ಸ್ವಲ್ಪ ಸ್ವಲ್ಪ ಇರಬೇಕು ಎಂದರೆ ಆದೀತು!

ಪಲ್ಪು ಆ ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಊರಿನ ಕಾಲೇಜು ಬೇಡವೆಂದಿದ್ದ ಹುಡುಗನಿಗೆ ಕೇಂಬ್ರಿಜ್ ಡಿಪ್ಲೊಮಾ ಕೊಟ್ಟಿತು. ಹಿಂತಿರುಗಿ ಬಂದು ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾಗಿ ದುಡಿದರು.

ತಾನೊಬ್ಬ ಗೆದ್ದರೆ ಸಾಕೆ?

ಸಾಕು ಎಂದು ಪಲ್ಪು ಸುಮ್ಮನಿರಬಹುದಿತ್ತು. ಒಳ್ಳೆಯ ಹುದ್ದೆ, ಸಂಬಳ, ಗೌರವ ಎಲ್ಲವೂ ಇತ್ತು. ಆದರೆ ತಮ್ಮಂತೆಯೇ ಬಾಗಿಲ ಹೊರಗೆ ನಿಂತ ಸಾವಿರಾರು ಮಕ್ಕಳನ್ನು ಅವರು ಮರೆಯಲಿಲ್ಲ. ಇಂಗ್ಲೆಂಡಿಗೆ ಹೋಗುವ ಮೊದಲೇ, 1896ರಲ್ಲಿ, ಶಾಲೆ ಮತ್ತು ಸರ್ಕಾರಿ ಕೆಲಸಗಳನ್ನು ತಮ್ಮವರಿಗೂ ತೆರೆಯಬೇಕೆಂದು ತಿರುವಾಂಕೂರಿನ ಮಹಾರಾಜರಿಗೆ ಒಂದು ಮನವಿ ಸಲ್ಲಿಸಿದ್ದರು. ಅದಕ್ಕೆ 13,176 ಜನ ಸಹಿ ಹಾಕಿದ್ದರು. ಆ ಮನವಿಗೂ ಒಳ್ಳೆಯ ಉತ್ತರ ಬರಲಿಲ್ಲ. ಪಲ್ಪು ಕೈಬಿಡಲಿಲ್ಲ. 1903ರಲ್ಲಿ ನಾರಾಯಣ ಗುರುಗಳ ಮಾರ್ಗದರ್ಶನದಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಎಂಬ ಸಂಸ್ಥೆ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪಲ್ಪು ಮುಖ್ಯರು.

ಮಲಯಾಳದ ದೊಡ್ಡ ಕವಿ ಕುಮಾರನ್ ಆಶಾನ್ ಅವರು ಯುವಕರಾಗಿದ್ದಾಗ ಬೆಂಗಳೂರಿನಲ್ಲಿ ಪಲ್ಪು ಅವರ ಆಸರೆಯಲ್ಲಿದ್ದು ಸಂಸ್ಕೃತ ಓದಿದರು. ಪ್ಲೇಗ್ ಬಂದಾಗ ಬೆಂಗಳೂರು ಬಿಡಬೇಕಾಯಿತು. ಬೆಂಗಳೂರಿನಲ್ಲೇ 1895ರಲ್ಲಿ ಹುಟ್ಟಿದ ಪಲ್ಪು ಅವರ ಮಗ ಮುಂದೆ ನಟರಾಜ ಗುರು ಎಂಬ ಹೆಸರಿನ ತತ್ತ್ವಜ್ಞಾನಿಯಾದರು.

ಪಲ್ಪು ತೀರಿಕೊಂಡದ್ದು 1950ರ ಜನವರಿ 25ರಂದು. ಆಗ ಅವರಿಗೆ 86 ವರ್ಷ. ಮರುದಿನ ಯಾವ ದಿನ ಹೇಳಿ? ಹೌದು, ಜನವರಿ 26. ಅಂದು ನಮ್ಮ ಸಂವಿಧಾನ ಜಾರಿಗೆ ಬಂತು. ಸರ್ಕಾರ ನಡೆಸುವ ಶಾಲೆ ಕಾಲೇಜಿಗೆ ಸೇರಲು ಜಾತಿಯ ಕಾರಣಕ್ಕೆ ಯಾರಿಗೂ ಅಡ್ಡಿ ಮಾಡಬಾರದು ಎಂದು ಅದರ 29ನೆಯ ವಿಧಿ ಹೇಳುತ್ತದೆ. ಸರ್ಕಾರಿ ಕೆಲಸದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದು 16ನೆಯ ವಿಧಿ ಹೇಳುತ್ತದೆ. ಪಲ್ಪು ಅವರಿಗೆ ಮುಚ್ಚಿದ್ದ ಎರಡು ಬಾಗಿಲುಗಳೂ ಇವೇ.

ಅವರು ಎದುರಿಸಿದ ಸಿಡುಬೂ ಈಗಿಲ್ಲ. ಭಾರತದಲ್ಲಿ ಕೊನೆಯ ಸಿಡುಬಿನ ರೋಗಿ ಕಂಡದ್ದು 1975ರಲ್ಲಿ. ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ಸಾರಲಾಯಿತು. ಅದಕ್ಕೇ ನಿಮಗೆ ಆ ದಾಕು ಹಾಕಿಲ್ಲ. ನಿಮ್ಮ ಎಡತೋಳಿನಲ್ಲಿ ಸಣ್ಣ ಕಲೆಯಿದ್ದರೆ ಅದು ಕ್ಷಯರೋಗದ ವಿರುದ್ಧ ಹಾಕಿದ ಬಿಸಿಜಿ ಲಸಿಕೆಯದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲೂ ಇಂದು ಒಬ್ಬೊಬ್ಬ ತಾಲ್ಲೂಕು ಆರೋಗ್ಯಾಧಿಕಾರಿ ಇದ್ದಾರೆ. ಊರಿಗೆ ಭೇದಿ ಬಂದರೆ ನೀರನ್ನು ಪರೀಕ್ಷೆಗೆ ಕಳಿಸುವುದು, ಡೆಂಗಿ ಬಂದರೆ ಸೊಳ್ಳೆಯ ಮರಿಗಳನ್ನು ಹುಡುಕಿಸುವುದು, ಲಸಿಕೆಯನ್ನು ತಂಪಾಗಿ ಕಾಪಾಡಿ ಹಳ್ಳಿಗೆ ಮುಟ್ಟಿಸುವುದು, ಇವೆಲ್ಲ ಪಲ್ಪು ಓದಿದ ಶಾಸ್ತ್ರದ ಕೆಲಸಗಳೇ. ಎಂ.ಬಿ.ಬಿ.ಎಸ್. ಮುಗಿಸಿದವರು ಈಗಲೂ ಸಮುದಾಯ ವೈದ್ಯಶಾಸ್ತ್ರದಲ್ಲಿ ಮೂರು ವರ್ಷ ಓದಿ ಕಠಿಣ ಪರೀಕ್ಷೆ ಬರೆದು ಎಂ.ಡಿ. ಪದವಿ ಪಡೆಯಬಹುದು. ನಾಳೆ ಆ ಪರೀಕ್ಷೆ ಬರೆಯುವವರು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು.

ಮಾಡಿ ನೋಡಿ

1. ನಿಮ್ಮ ಬೀದಿಯಲ್ಲಿ ಅರವತ್ತು ದಾಟಿದ ಹತ್ತು ಮಂದಿಯನ್ನು ಕೇಳಿ. ಎಷ್ಟು ಜನರ ತೋಳಿನಲ್ಲಿ ದಾಕಿನ ಕಲೆ ಇದೆ? ಪಟ್ಟಿ ಮಾಡಿ. ನಿಮ್ಮ ಬಿಸಿಜಿ ಕಲೆಗೂ ಅದಕ್ಕೂ ಏನು ವ್ಯತ್ಯಾಸ?

2. ಸಿಡುಬು ಅಥವಾ ಪ್ಲೇಗಿನ ಕಾಲದ ಬಗ್ಗೆ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದನ್ನು ಬರೆದುಕೊಳ್ಳಿ.

3. ನಿಮ್ಮ ಶಾಲೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ತೊಟ್ಟಿಗೆ ಮುಚ್ಚಳವಿದೆಯೆ? ಚರಂಡಿ ಎಷ್ಟು ಹೆಜ್ಜೆ ದೂರದಲ್ಲಿದೆ? ಒಂದು ನಕ್ಷೆ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ. ಆರೋಗ್ಯಾಧಿಕಾರಿಯ ಕೆಲಸ ಆರಂಭವಾಗುವುದೂ ಇಂಥ ನಕ್ಷೆಯಿಂದಲೇ.