ಸೇಬು ಸೀಳಿದ ಗುಂಡಿನ ಫೋಟೋ ತೆಗೆದವರೇ ಕಡಲತಳಕ್ಕೂ ಬೆಳಕು ಇಳಿಸಿದರು: ಯಾರು ಈ ‘ಪಪ್ಪಾ ಫ್ಲ್ಯಾಶ್’?

ಸೇಬನ್ನು ಸೀಳಿ ಹೊರಬಂದ ಗುಂಡು ಗಾಳಿಯಲ್ಲೇ ನಿಂತಂತೆ ಕಾಣುವ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅತಿವೇಗದ ಕ್ಯಾಮೆರಾದ ಕರಾಮತ್ತು ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಫೋಟೋ ನಿಜ, ಒಕ್ಕಣೆ ತಪ್ಪು. 1964ರ ಆ ಚಿತ್ರದಲ್ಲಿ ವೇಗ ಇದ್ದದ್ದು ಕ್ಯಾಮೆರಾದಲ್ಲಲ್ಲ, ಬೆಳಕಿನಲ್ಲಿ. ಕತ್ತಲೆ ಕೋಣೆಯಲ್ಲಿ ಶಟರ್ ತೆರೆದೇ ಇತ್ತು. ಗುಂಡಿನ ಸದ್ದು ಮೈಕ್‌ಗೆ ತಾಗಿದ ಕೂಡಲೇ, ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲಿನಷ್ಟು ಹೊತ್ತು ಫ್ಲ್ಯಾಶ್ ಮಿಂಚಿತು. ಫಿಲ್ಮ್ ಕಂಡದ್ದು ಅಷ್ಟನ್ನೇ.

ಆ ಫ್ಲ್ಯಾಶ್ ಹ್ಯಾರಲ್ಡ್ ಎಜರ್ಟನ್ ಅವರದು. 1903ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹುಟ್ಟಿ, ಅಲ್ಲಿನ ಅರೋರಾ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ಎಂಐಟಿ ಸೇರಿದರು. ತಿರುಗುವ ಮೋಟರ್ ನಿಂತಂತೆ ಕಂಡರೆ ಅದರ ದೋಷ ಹಿಡಿಯಬಹುದು ಎಂದು ಮಿನುಗು ದೀಪ ಕಟ್ಟಿದರು. ಸ್ಟ್ರೋಬೊಸ್ಕೋಪ್ ಕಂಡುಹಿಡಿದವರೇ ಇವರು ಎಂದು ಕೆಲವು ಪೋಸ್ಟ್‌ಗಳು ಹೇಳುತ್ತವೆ. ಅದೂ ಸರಿಯಲ್ಲ. ಆ ಉಪಕರಣ 1830ರ ದಶಕದಲ್ಲೇ ಇತ್ತು. ಎಜರ್ಟನ್ ಅದಕ್ಕೆ ವಿದ್ಯುತ್ತಿನ ಬಲ ಕೊಟ್ಟರು: ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅನಿಲ ತುಂಬಿದ ಗಾಜಿನ ಕೊಳವೆಗೆ ಒಮ್ಮೆಲೇ ಹರಿಸಿದರು.

ಈ ದೀಪ ಎಲ್ಲಿಗೂ ಹೋಯಿತು. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ರಾತ್ರಿ ಫೋಟೋ ತೆಗೆಯಲು ಬಳಕೆಯಾಯಿತು. 1947ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಅವರು ಕಟ್ಟಿದ ಇಜಿ ಆ್ಯಂಡ್ ಜಿ ಕಂಪನಿ ಅಮೆರಿಕದ ಅಣುಬಾಂಬ್ ಪರೀಕ್ಷೆಗಳಲ್ಲಿ ಕೆಲಸ ಮಾಡಿತು. ಬೆಂಕಿಯುಂಡೆಯ ಮೊದಲ ಕ್ಷಣದ ಚಿತ್ರಗಳು ಬಂದದ್ದು ಇವರ ಕ್ಯಾಮೆರಾಗಳಿಂದಲೇ. ಹಾಲಿನ ಹನಿ ಕಿರೀಟದಂತೆ ಚಿಮ್ಮುವ ಸುಂದರ ಚಿತ್ರ ಹಂಚುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು ಅನ್ನಿಸುತ್ತದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವರ ಕಡಲಿನ ಕೆಲಸ. 1953ರಿಂದ ಅವರು ಫ್ರಾನ್ಸಿನ ಜಾಕ್ ಕುಸ್ಟೊ ಅವರ ‘ಕ್ಯಾಲಿಪ್ಸೊ’ ಹಡಗಿನ ತಂಡದೊಡನೆ ದುಡಿದರು. ಪಪ್ಪಾ ಫ್ಲ್ಯಾಶ್ ಎಂಬ ಅಡ್ಡಹೆಸರು ಇಟ್ಟದ್ದು ಆ ಹಡಗಿನವರೇ.

ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಈಜುಕೊಳದಲ್ಲಿ ಫೋಟೋ ತೆಗೆದಷ್ಟು ಸುಲಭವಲ್ಲ ಇದು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಹಾಗಾಗಿ ಕ್ಯಾಮೆರಾವನ್ನೂ ಫ್ಲ್ಯಾಶನ್ನೂ ದಪ್ಪ ಲೋಹದ ಕೊಳವೆಗಳಲ್ಲಿ ಕೂರಿಸಿ, ದಪ್ಪ ಗಾಜಿನ ಕಿಟಕಿ ಇಡಬೇಕು. ನೀರು ಕೆಂಪು ಬಣ್ಣವನ್ನು ಬೇಗ ನುಂಗುತ್ತದೆ, ಆದ್ದರಿಂದ ದೀಪ ವಸ್ತುವಿಗೆ ಹತ್ತಿರವಿರಬೇಕು. ಆದರೆ ಕ್ಯಾಮೆರಾ ಪಕ್ಕದಲ್ಲೇ ಇರಬಾರದು. ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದರೆ ಏನಾಗುತ್ತದೆ? ರಸ್ತೆ ಕಾಣದೆ ಬಿಳಿ ಗೋಡೆ ಕಾಣುತ್ತದೆ. ನೀರಿನಲ್ಲಿ ತೇಲುವ ಕಣಗಳೂ ಹಾಗೆಯೇ ಬೆಳಕನ್ನು ಲೆನ್ಸಿಗೇ ಹಿಂದಿರುಗಿಸುತ್ತವೆ. ಅದಕ್ಕೇ ದೀಪವನ್ನು ದೂರ ಸರಿಸಿ ಓರೆಯಾಗಿ ಇಡುವುದು. ಇಂದಿನ ನೀರೊಳಗಿನ ರೋಬೋಗಳ ವಿನ್ಯಾಸದಲ್ಲೂ ಇದೇ ಪಾಠ.

ಇನ್ನೊಂದು ತೊಡಕು: ಕಿಲೋಮೀಟರುಗಟ್ಟಲೆ ಹಗ್ಗದ ತುದಿಯ ಕ್ಯಾಮೆರಾ ತಳದಿಂದ ಎಷ್ಟು ಎತ್ತರದಲ್ಲಿದೆ ಎಂದು ಹಡಗಿನಲ್ಲಿರುವವರಿಗೆ ತಿಳಿಯುವುದು ಹೇಗೆ? ಎಜರ್ಟನ್ ಕ್ಯಾಮೆರಾಕ್ಕೆ ‘ಪಿಂಗರ್’ ಎಂಬ ಸದ್ದಿನ ಪೆಟ್ಟಿಗೆ ಕಟ್ಟಿದರು. ಅದರ ಸದ್ದು ಒಮ್ಮೆ ನೇರವಾಗಿ, ಇನ್ನೊಮ್ಮೆ ತಳಕ್ಕೆ ಬಡಿದು ಮೇಲೆ ಬರುತ್ತದೆ. ಕಡಲ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಎರಡು ಸದ್ದುಗಳ ನಡುವೆ ಸೆಕೆಂಡಿನ ನೂರನೇ ಒಂದು ಭಾಗ ಅಂತರವಿದ್ದರೆ, ಕ್ಯಾಮೆರಾ ತಳದಿಂದ ಸುಮಾರು 7.5 ಮೀಟರ್ ಮೇಲಿದೆ ಎಂದರ್ಥ. 1956ರಲ್ಲಿ ಅಟ್ಲಾಂಟಿಕ್‌ನ ರೊಮಾಂಶ್ ಕಂದಕದಲ್ಲಿ ಸುಮಾರು 7,500 ಮೀಟರ್ ಆಳಕ್ಕೆ ಅವರ ಕ್ಯಾಮೆರಾ ಇಳಿಯಿತು. ಮುಂದೆ ‘ಟ್ರೋಯ್ಕಾ’ ಎಂಬ ಜಾರುಬಂಡಿಗೆ ಕ್ಯಾಮೆರಾ, ಫ್ಲ್ಯಾಶ್ ಕಟ್ಟಿ ಕಡಲತಳದಲ್ಲಿ ಎಳೆದೊಯ್ದರು. ಮಗುಚದಂತೆ ಅದರ ಆಕಾರವನ್ನೇ ರೂಪಿಸಲಾಗಿತ್ತು.

ಪಿಂಗರ್ ಅವರನ್ನು ಸೋನಾರ್ ಕಡೆಗೆ ಎಳೆಯಿತು. 1862ರ ಡಿಸೆಂಬರ್ 31ರಂದು ಮುಳುಗಿದ್ದ ಅಮೆರಿಕದ ಯುದ್ಧನೌಕೆ ‘ಮಾನಿಟರ್’ 1973ರಲ್ಲಿ ಸುಮಾರು 70 ಮೀಟರ್ ಆಳದಲ್ಲಿ ಪತ್ತೆಯಾದಾಗ, ಹುಡುಕಿದ ತಂಡದಲ್ಲಿ ಅವರೂ ಅವರ ಸೋನಾರೂ ಇದ್ದರು.

ಈಗ ಇನ್ನೊಂದು ಫಾರ್ವರ್ಡ್‌. ಸ್ಕಾಟ್ಲೆಂಡಿನ ನೆಸ್ ಸರೋವರದ ದೈತ್ಯಪ್ರಾಣಿಯದ್ದೆನ್ನುವ ‘ಈಜುರೆಕ್ಕೆ’ಯ ಫೋಟೋ. 1972ರಲ್ಲಿ ರಾಬರ್ಟ್ ರೈನ್ಸ್ ತಂಡ ಅದನ್ನು ತೆಗೆದದ್ದು ಎಜರ್ಟನ್ ಅವರ ಫ್ಲ್ಯಾಶ್ ಕ್ಯಾಮೆರಾದಿಂದಲೇ. ಉಪಕರಣ ಅಸಲಿ, ಆದ್ದರಿಂದ ಪ್ರಾಣಿಯೂ ಅಸಲಿ ಎಂಬ ವಾದ ಆಗಿನಿಂದಲೂ ಓಡಾಡುತ್ತಿದೆ. ಆ ಸರೋವರದ ನೀರು ಕೊಳೆತ ಸಸ್ಯದ ಚೂರುಗಳಿಂದ ಕಂದಾಗಿದೆ; ಮೇಲೆ ಹೇಳಿದ ಮಂಜಿನ ತೊಂದರೆ ಅಲ್ಲಿ ಇನ್ನೂ ಜಾಸ್ತಿ. ಮೂಲ ಚಿತ್ರದಲ್ಲಿರುವುದು ಮಸುಕು ಕಲೆ. ಕಂಪ್ಯೂಟರಿನಲ್ಲಿ ಸ್ಪಷ್ಟಗೊಳಿಸಿದ ಪ್ರತಿಯಲ್ಲೂ ಇಲ್ಲದಷ್ಟು ಚೊಕ್ಕ ರೆಕ್ಕೆ ಪ್ರಕಟವಾದ ಚಿತ್ರದಲ್ಲಿದೆ. ಯಾರದೋ ಕೈ ಆಡಿದೆ ಎಂದು ಪರಿಶೀಲಿಸಿದವರು ತೋರಿಸಿಕೊಟ್ಟಿದ್ದಾರೆ.

ಎಜರ್ಟನ್ 1990ರ ಜನವರಿ 4ರಂದು ಎಂಐಟಿ ಆವರಣದಲ್ಲೇ ತೀರಿಕೊಂಡರು. ಅಲ್ಲಿ ಅವರ ಕೆಲಸದ ಕಾರಿಡಾರ್ ‘ಸ್ಟ್ರೋಬ್ ಆ್ಯಲಿ’ ಈಗಲೂ ಇದೆ. ನೀರಿನ ಹನಿಗಳು ಗಾಳಿಯಲ್ಲಿ ನಿಂತಂತೆ, ಒಮ್ಮೊಮ್ಮೆ ಮೇಲಕ್ಕೆ ಹತ್ತಿದಂತೆ ತೋರಿಸುವ ಅವರ ಪ್ರಯೋಗವೂ ಪ್ರಸಿದ್ಧ. ನೀರು ಮೇಲಕ್ಕೆ ಹರಿಯುವ ಪವಾಡ ಎಂದು ಯಾರಾದರೂ ವಿಡಿಯೋ ಕಳಿಸಿದರೆ, ಮೊದಲು ಅಲ್ಲಿನ ದೀಪ ಮಿನುಗುತ್ತಿದೆಯೇ ನೋಡಿ.