ಜನಸಂಖ್ಯೆಯ ಲೆಕ್ಕ ಹಾಕಿದ ಪಾದ್ರಿ: ಥಾಮಸ್ ರಾಬರ್ಟ್ ಮಾಲ್ಥಸ್

ಶಾಲೆಯಲ್ಲಿ ಜನಸಂಖ್ಯೆಯ ಪಾಠ ಓದಿದವರಿಗೆ ಮಾಲ್ಥಸ್ ಎಂಬ ಹೆಸರು ನೆನಪಿರಬಹುದು. ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ತಿಳಿದವರು ಕಡಿಮೆ.

ಅವರು ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಡಾರ್ಕಿಂಗ್ ಊರಿನ ಬಳಿ. ಹುಟ್ಟಿನಿಂದಲೇ ಸೀಳುತುಟಿ, ಸೀಳು ಅಂಗುಳ, ಮಾತು ಸ್ಪಷ್ಟವಾಗಿರಲಿಲ್ಲ. ಆದರೂ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, 1788ರ ಪರೀಕ್ಷೆಯಲ್ಲಿ ಒಂಬತ್ತನೆಯ ಸ್ಥಾನ ಪಡೆದರು. ಮುಂದೆ ಓಕ್‌ವುಡ್ ಎಂಬ ಸಣ್ಣ ಹಳ್ಳಿಯಲ್ಲಿ ಪಾದ್ರಿಯಾದರು.

ತಂದೆ ಡೇನಿಯಲ್, ಚಿಂತಕ ರೂಸೋನ ಅಭಿಮಾನಿ. ಗಾಡ್ವಿನ್, ಕೊಂಡೋರ್ಸೆ ಮುಂತಾದವರಂತೆ, ಮನುಷ್ಯಕುಲ ದಿನೇ ದಿನೇ ಉತ್ತಮವಾಗುತ್ತ ಹೋಗುತ್ತದೆ ಎಂದು ಅವರು ನಂಬಿದ್ದರು. ಮಗ ಒಪ್ಪಲಿಲ್ಲ. ತಂದೆ ಮಕ್ಕಳ ಆ ವಾದದಿಂದಲೇ 1798ರಲ್ಲಿ ಒಂದು ಪ್ರಬಂಧ ಹುಟ್ಟಿತು. ಅದರಲ್ಲಿ ಲೇಖಕರ ಹೆಸರಿರಲಿಲ್ಲ. ತಡೆಯಿಲ್ಲದಿದ್ದರೆ ಜನಸಂಖ್ಯೆ 25 ವರ್ಷಕ್ಕೊಮ್ಮೆ 1, 2, 4, 8 ಎಂದು ಇಮ್ಮಡಿಯಾಗುತ್ತದೆ; ಆಹಾರ ಮಾತ್ರ 1, 2, 3, 4 ಎಂದು ಏರುತ್ತದೆ; ಕೊನೆಗೆ ಹಸಿವು, ರೋಗಗಳು ಲೆಕ್ಕ ಸರಿದೂಗಿಸುತ್ತವೆ ಎಂಬುದು ಅದರ ಸಾರ. ಬಡವರಿಗೆ ಸರ್ಕಾರದ ನೆರವು ಕೊಟ್ಟರೆ ಬಡವರೇ ಹೆಚ್ಚುತ್ತಾರೆ ಎಂದೂ ಅವರು ವಾದಿಸಿದರು. 1803ರ ಎರಡನೆಯ ಆವೃತ್ತಿಯಲ್ಲಿ ತಮ್ಮ ಹೆಸರು ಹಾಕಿ, ತಡವಾಗಿ ಮದುವೆಯಾಗುವ ಸಂಯಮವೇ ಪರಿಹಾರವೆಂದು ಸೇರಿಸಿದರು. ಮರುವರ್ಷ ತಾವೇ 38ರ ವಯಸ್ಸಿನಲ್ಲಿ ಮದುವೆಯಾದರು, ಮೂವರು ಮಕ್ಕಳಾದರು.

1805ರಿಂದ ಸಾಯುವವರೆಗೆ ಅವರು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಮೇಷ್ಟರು. ಭಾರತವನ್ನು ಆಳಲು ಹೊರಟ ಹುಡುಗರು ಅರ್ಥಶಾಸ್ತ್ರ ಕಲಿತದ್ದು ಇವರ ಬಳಿ. 1834ರ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಬಡವರ ನೆರವನ್ನು ಬಿಗಿಗೊಳಿಸಿದ ಹೊಸ ಕಾನೂನು ಬಂದಿತ್ತು.

ಅವರ ಲೆಕ್ಕಕ್ಕೆ ವಿರೋಧವೂ ಬಲವಾಗಿತ್ತು. ಬಡತನಕ್ಕೆ ಕಾರಣ ಮಕ್ಕಳ ಸಂಖ್ಯೆಯಲ್ಲ, ಆಸ್ತಿ ಯಾರ ಕೈಯಲ್ಲಿದೆ ಎಂಬುದು ಎಂದರು ಕಾರ್ಲ್ ಮಾರ್ಕ್ಸ್. ಭೂಮಿಯ ಒಡೆತನವನ್ನು ನೋಡಿ ಎಂದರು ಅಮೆರಿಕದ ಹೆನ್ರಿ ಜಾರ್ಜ್. ನಮ್ಮ ನಾಡೇ ಒಂದು ಸಾಕ್ಷಿ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಮೈಸೂರು ಸಂಸ್ಥಾನ ನಲುಗಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ವರ್ಷಗಳಲ್ಲೇ ಭಾರತದಿಂದ ಧಾನ್ಯ ಹಡಗೇರಿ ಹೋಗುತ್ತಿತ್ತು. ಕಾಳು ಇದ್ದರೂ ಕೊಳ್ಳುವ ಶಕ್ತಿ ಇಲ್ಲದವರು ಸಾಯುತ್ತಾರೆ ಎಂಬುದನ್ನು ಅಮರ್ತ್ಯ ಸೇನ್ 1981ರಲ್ಲಿ ವಿವರವಾಗಿ ತೋರಿಸಿಕೊಟ್ಟರು.

ಆದರೂ ಮಾಲ್ಥಸ್ ವ್ಯರ್ಥವಾಗಲಿಲ್ಲ. ಅವರ ಪುಸ್ತಕ ಓದಿದ ಡಾರ್ವಿನ್‌ಗೆ ಜೀವವಿಕಾಸದ ಸುಳಿವು ಸಿಕ್ಕಿತು. ಭೂಮಿಗೆ ಒಂದು ಮಿತಿಯಿದೆ ಎಂಬ ಅವರ ಎಚ್ಚರಿಕೆ ಇಂದಿಗೂ ಬೇಕು. ಅವರು ತಪ್ಪಿದ್ದು ಬಡವರನ್ನು ಅಳೆದ ರೀತಿಯಲ್ಲಿ. ವಿದ್ಯೆ ಬಂದರೆ ಜನ ತಾವಾಗಿಯೇ ಸಣ್ಣ ಸಂಸಾರ ಬಯಸುತ್ತಾರೆ ಎಂದು ಕೊಂಡೋರ್ಸೆ ನಂಬಿದ್ದರು. ಮಾಲ್ಥಸ್ ಅದನ್ನು ನಂಬಲಿಲ್ಲ. ಇಂದು ಕರ್ನಾಟಕದಲ್ಲಿ ತಾಯಿಯೊಬ್ಬಳಿಗೆ ಸರಾಸರಿ ಎರಡಕ್ಕಿಂತ ಕಡಿಮೆ ಮಕ್ಕಳು. ಇದು ಹಸಿವಿನಿಂದ ಆದದ್ದಲ್ಲ. ಇದರಲ್ಲಿ ಹಳ್ಳಿಯ ಶಾಲೆಗಳ ಬೆಂಚುಗಳಲ್ಲಿ ಕುಳಿತು ಓದಿದ ಹೆಣ್ಣುಮಕ್ಕಳ ಪಾಲು ದೊಡ್ಡದು.